ಸುದ್ದಿಯಲ್ಲದ ಮಾತು: ಮಾಚ್ನೂರಿನ ಸಂಘಂ ರೇಡಿಯೊ ಮತ್ತು ಪ್ರತಿಭಟನೆಯ ಶ್ರವ್ಯರೂಪ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸಂಸ್ಥಾನದ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಮರಾಠಿ ಮಾತಿನ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯಕ್ಕೆ, ಕನ್ನಡದ ಪಾಲು ಮೈಸೂರು ರಾಜ್ಯಕ್ಕೆ ಸೇರಿದವು. ನಾರಾಯಣಖೇಡ ಮತ್ತು ನಿರ್ಣಾ ಹೋಬಳಿಯನ್ನು ಬಿಟ್ಟ ಜಹೀರಾಬಾದ್ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಹೋದವು. ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿರುವ ಜಹೀರಾಬಾದಿಗೂ ಬೀದರ ಪಟ್ಟಣಕ್ಕೂ ನಡುವಿನ ಅಂತರ ಸುಮಾರು 30 ಕಿಲೋಮೀಟರು. ಜೋಳ, ತೊಗರಿ, ಕಡಲೆ, ಕುಸುಬೆಗಳ ಹೊಲಗಳು ಈ ಗೆರೆಯನ್ನು ಗಮನಿಸಿದಂತೆ ಕಾಣುವುದಿಲ್ಲ. ಭಾಷಾಧಾರಿತ ವಿಂಗಡಣೆಯ ಚರಿತ್ರೆ ಈ ಸೀಮೆಯನ್ನು ಒಂದು ಅಡಿಟಿಪ್ಪಣಿಯಾಗಿ ಬರೆದು ಮುಂದೆ ಸಾಗಿದೆ. ಆದರೆ ಪ್ರತಿಭಟನೆಯ ದನಿಯನ್ನು ಕುರಿತು ಯೋಚಿಸುವ ಯಾರಿಗೂ ಅದು ಅಡಿಟಿಪ್ಪಣಿಯಾಗಿ ಉಳಿಯುವುದಿಲ್ಲ. ಜಹೀರಾಬಾದಿನ ಹತ್ತಿರದ ಮಾಚ್ನೂರು ಎಂಬ ಹಳ್ಳಿಯಲ್ಲಿ 2008ರ ಅಕ್ಟೋಬರ್ 15ರಂದು, ವಿಶ್ವ ಗ್ರಾಮೀಣ ಮಹಿಳಾ ದಿನದಂದು, ದಲಿತ ಕೃಷಿಕ ಮಹಿಳೆಯರು ನಡೆಸುವ ಸಂಘಂ ರೇಡಿಯೊ ಪ್ರಸಾರ ಆರಂಭಿಸಿತು.

ಅದನ್ನು ಉದ್ಘಾಟಿಸಿದವರು ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಆಕಾಶತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವೂ ಅಲ್ಲ, ಖಾಸಗಿ ಕಂಪನಿಗಳ ಸೊತ್ತೂ ಅಲ್ಲ ಎಂದು ಸಾರಿದ 1995ರ ಸುಪ್ರೀಂ ಕೋರ್ಟ್ ತೀರ್ಪನ್ನು ನೀಡಿದ ಪೀಠದಲ್ಲಿ ಅವರಿದ್ದರು. ಆ ಮೊಕದ್ದಮೆಯ ಮೂಲ ಒಂದು ಕ್ರಿಕೆಟ್ ಪಂದ್ಯಾವಳಿ: ಬಂಗಾಳ ಕ್ರಿಕೆಟ್ ಸಂಸ್ಥೆ ಏರ್ಪಡಿಸಿದ್ದ ಪಂದ್ಯಗಳನ್ನು ಯಾರು ಪ್ರಸಾರ ಮಾಡಬೇಕೆಂಬ ಜಗಳ. ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೆ ಆಕಾಶದ ಮೇಲಿರುವ ಹಕ್ಕನ್ನು ಈ ದೇಶ ಕ್ರಿಕೆಟ್ಟಿನ ದಾರಿಯಿಂದ ಕಂಡುಕೊಂಡಿತೆಂಬುದು ನಮ್ಮ ನ್ಯಾಯಚರಿತ್ರೆಯ ಸಣ್ಣ ವ್ಯಂಗ್ಯ.

ತೀರ್ಪಿಗೂ ಪ್ರಸಾರಕ್ಕೂ ನಡುವೆ 13 ವರ್ಷಗಳಿವೆ. ಈ ಅವಧಿಯಲ್ಲಿ 1996ರ ಬೆಂಗಳೂರು ಘೋಷಣೆ ಸಮುದಾಯ ಬಾನುಲಿಯ ಬೇಡಿಕೆಯನ್ನು ಮುಂದಿಟ್ಟಿತು. 2002ರ ಕೊನೆಯಲ್ಲಿ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ದೊರೆಯಿತು. ಮಾಚ್ನೂರಿನ ಮಹಿಳೆಯರು ಮಾತ್ರ ಕಾಯುತ್ತ ಕೂರಲಿಲ್ಲ. ಯುನೆಸ್ಕೊ ನೆರವಿನಿಂದ 1990ರ ದಶಕದ ಕೊನೆಯಲ್ಲೇ ಧ್ವನಿಮುದ್ರಣದ ಕೋಣೆ ಸಿದ್ಧವಾಗಿತ್ತು. ಪರವಾನಗಿಯಿಲ್ಲದ ಕಾರಣ ಮುದ್ರಿಸಿದ ಕ್ಯಾಸೆಟ್ಟುಗಳನ್ನು ಹಳ್ಳಿಗಳ ಸಂಘದ ಸಭೆಗಳಿಗೆ ಒಯ್ದು ಕೇಳಿಸುತ್ತಿದ್ದರು. ಇದೇ ಕಾಲಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಅದೂ ಇನ್ನೊಂದು ಗಡಿಸೀಮೆ, ‘ನಮ್ಮ ಧ್ವನಿ’ ಎಂಬ ಕೇಂದ್ರ 2003ರಿಂದ ತನ್ನ ಕಾರ್ಯಕ್ರಮಗಳನ್ನು ಟಿ.ವಿ. ಕೇಬಲ್ಲಿನ ತಂತಿಯ ಮೂಲಕ ಮನೆಮನೆಗೆ ಹರಿಸುತ್ತಿತ್ತು. ಗಾಳಿ ನಿಷಿದ್ಧವಾಗಿದ್ದಾಗ ತಂತಿಯೂ ಕ್ಯಾಸೆಟ್ಟೂ ಬಾನುಲಿಯಾದವು.

ಸಮುದಾಯ ಬಾನುಲಿಯನ್ನು ಕುರಿತ ಬರೆಹಗಳ ಬಹುಪಾಲು ಈ ಕಥನವನ್ನು ಇಲ್ಲಿಗೇ ನಿಲ್ಲಿಸಿ, ‘ದನಿಯಿಲ್ಲದವರಿಗೆ ದನಿ’ ಎಂಬ ಮಾತಿನಿಂದ ಮುಕ್ತಾಯಗೊಳಿಸುತ್ತದೆ. ಈ ಮಾತು ಸವೆದದ್ದಷ್ಟೇ ಅಲ್ಲ, ತಪ್ಪೂ ಹೌದು. ಸಂಘಂ ರೇಡಿಯೊ ಹುಟ್ಟುವುದಕ್ಕೆ ಮೊದಲೂ ಈ ಮಹಿಳೆಯರು ನಾಟಿಯಲ್ಲಿ, ಬೀಸುವಾಗ, ಮದುವೆ ಸಾವುಗಳಲ್ಲಿ ಹಾಡುತ್ತಲೇ ಇದ್ದರು, ಜಗಳವಾಡುತ್ತಲೇ ಇದ್ದರು. ಕೊರತೆಯಿದ್ದದ್ದು ಕೇಳುವ ವ್ಯವಸ್ಥೆಯದು. ಹಾಗಾಗಿ ವಿಮರ್ಶೆ ಕೇಳಬೇಕಾದ ಪ್ರಶ್ನೆಯೂ ಬೇರೆ: ಈ ದನಿ ಬಾನುಲಿಯೆಂಬ ಯಂತ್ರದೊಳಗೆ ಹೊಕ್ಕಾಗ ಯಾವ ರೂಪ ತಾಳುತ್ತದೆ? ಯಾವ ಮಾತು ಒಳಗೆ ಬರುತ್ತದೆ, ಯಾವುದು ಹೊಸ್ತಿಲಲ್ಲೇ ನಿಲ್ಲುತ್ತದೆ?

ಈ ಪ್ರಶ್ನೆಗೆ ಬೇಕಾದ ವಿಮರ್ಶಾ ಪರಿಭಾಷೆಯನ್ನು ಆ ಮಹಿಳೆಯರೇ ಒದಗಿಸಿದ್ದಾರೆ. ಸಂಘಂ ರೇಡಿಯೊ 1983ರಲ್ಲಿ ಸ್ಥಾಪನೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಬೆಳೆದದ್ದು. ಸುಮಾರು 75 ಹಳ್ಳಿಗಳಲ್ಲಿ ಹರಡಿದ ಅದರ ಮಹಿಳಾ ಸಂಘಗಳ ಸದಸ್ಯೆಯರಲ್ಲಿ ಕೆಲವರು ರೇಡಿಯೊಗಿಂತ ಮೊದಲೇ ವಿಡಿಯೊ ಕ್ಯಾಮೆರಾ ಹಿಡಿಯಲು ಕಲಿತರು. ವಾರಂಗಲ್ಲಿನ ಬಿ.ಟಿ. ಹತ್ತಿಯ ಬೆಳೆಗಾರರ ಸಿಟ್ಟನ್ನು ಕುರಿತ ಅವರ ಸಾಕ್ಷ್ಯಚಿತ್ರ ದೇಶದ ಹೊರಗೂ ಚರ್ಚೆಗೆ ಒಳಗಾಯಿತು. ಅಕ್ಷರ ಬಾರದಿದ್ದ ಈ ಚಿತ್ರಕಾರ್ತಿಯರು ಕ್ಯಾಮೆರಾ ಕೋನಗಳಿಗೆ ತಮ್ಮದೇ ಹೆಸರಿಟ್ಟರು. ಮೇಲಿನಿಂದ ಕೆಳಕ್ಕೆ ನೋಡುವುದು ‘ಪಟೇಲ್ ಶಾಟ್’: ಜಮೀನುದಾರ ಹಾಗೆ ನೋಡುತ್ತಾನೆ. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ನೋಟ. ಕಣ್ಣಿನ ಮಟ್ಟದಲ್ಲಿ ನೇರ ನೋಡುವುದು ‘ಸಂಘಂ ಶಾಟ್’, ಏಕೆಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಮ ಕೂರುತ್ತಾರೆ. ಚಲನಚಿತ್ರ ಸಿದ್ಧಾಂತ ದೃಷ್ಟಿಕೋನದ ರಾಜಕಾರಣವನ್ನು ವಿವರಿಸಲು ಪುಟಗಟ್ಟಲೆ ಬರೆದಿದೆ. ಇಲ್ಲಿ ಮೂರು ಪದಗಳು ಸಾಕಾಗಿವೆ. ‘ಪಟೇಲ್’ ಎಂಬ ಪದವನ್ನೂ ಗಮನಿಸಬೇಕು. ನಿಜಾಮನ ಕಾಲದ ಪಟೇಲ–ಪಟವಾರಿ ವ್ಯವಸ್ಥೆಯನ್ನು ಆಂಧ್ರಪ್ರದೇಶ 1980ರ ದಶಕದಲ್ಲಿ ಕಾನೂನಿನಿಂದ ಕಿತ್ತುಹಾಕಿತು. ಆದರೆ ಅಧಿಕಾರದ ನೋಟವಾಗಿ ಅದು ಜನರ ನುಡಿಯಲ್ಲಿ ಉಳಿದುಕೊಂಡಿತೆಂಬುದಕ್ಕೆ ಈ ನಾಮಕರಣವೇ ಪುರಾವೆ. ಬೀದರ, ಕಲಬುರಗಿ, ರಾಯಚೂರಿನ ಕನ್ನಡ ಓದುಗರಿಗೆ ಈ ಪದದ ಭಾರವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ದನಿಯಲ್ಲಿ ‘ಸಂಘಂ ಶಾಟ್’ ಎಂದರೇನು? ಆಕಾಶವಾಣಿಯ ಕೃಷಿರಂಗದ ಪರಿಚಿತ ರಚನೆಯನ್ನು ನೆನಪಿಸಿಕೊಂಡರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ತಜ್ಞ ಉತ್ತರಿಸುತ್ತಾನೆ, ರೈತ ಪ್ರಶ್ನಿಸುತ್ತಾನೆ. ಪ್ರಶ್ನೆ ಆಡುನುಡಿಯಲ್ಲಿ, ಉತ್ತರ ಶಿಷ್ಟದಲ್ಲಿ. ತಿಳಿವಳಿಕೆ ಯಾವಾಗಲೂ ಇಳಿಜಾರಿನಲ್ಲಿ ಹರಿಯುತ್ತದೆ. ಅದು ಪಟೇಲ್ ಶಾಟಿನ ಶ್ರವ್ಯರೂಪ, ಎಷ್ಟೇ ಸದುದ್ದೇಶದ್ದಾಗಿರಲಿ. ಮಾಚ್ನೂರಿನಲ್ಲಿ ಪ್ರಶ್ನಿಸುವವಳೂ ಉತ್ತರಿಸುವವಳೂ ಒಂದೇ ಹೊಲದವರು. ಕೇಂದ್ರವನ್ನು ನಡೆಸಿದ ‘ಜನರಲ್’ ನರಸಮ್ಮ ಮತ್ತು ಆಲ್ಗೋಲ್ ನರಸಮ್ಮ ಅದೇ ಸೀಮೆಯ ಹಳ್ಳಿಯ ಹೆಣ್ಣುಮಕ್ಕಳು. ಬೀಜ ಕಾದಿಡುವ ಬಗೆಯನ್ನು ಒಬ್ಬಾಕೆ ಹೇಳಿದರೆ ಇನ್ನೊಬ್ಬಾಕೆ ತಿದ್ದಬಲ್ಲಳು, ಮೂರನೆಯವಳು ಅದನ್ನು ಹಾಡಿಗೆ ತಿರುಗಿಸಬಲ್ಲಳು. ಜ್ಞಾನ ಇಲ್ಲಿ ಮಾತಿನ ಸರದಿಯಲ್ಲಿ ಬೆಳೆಯುತ್ತದೆ.

ಈ ರಚನೆಯ ಹಿಂದೆ ಒಬ್ಬ ಕನ್ನಡಿಗನ ವೃತ್ತಿಜೀವನದ ತಿರುವೂ ಇದೆ. ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರಾದ ಪೆರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್ ಮೈಸೂರಿನವರು. ದೂರದರ್ಶನದಲ್ಲಿ ಸುಮಾರು ಎರಡು ದಶಕ ನಿರ್ಮಾಪಕರಾಗಿದ್ದವರು, 1975–76ರ ಉಪಗ್ರಹ ಶಿಕ್ಷಣ ಪ್ರಯೋಗ ‘ಸೈಟ್’ನಲ್ಲಿ ಕೆಲಸ ಮಾಡಿದ್ದವರು. ಆ ಪ್ರಯೋಗ ಕರ್ನಾಟಕ, ಆಂಧ್ರವೂ ಸೇರಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಬಾಹ್ಯಾಕಾಶದಿಂದ ಕಾರ್ಯಕ್ರಮಗಳನ್ನು ಇಳಿಸಿತು. ಅದಕ್ಕಿಂತ ಎತ್ತರದ ‘ಮೇಲಿನಿಂದ ಕೆಳಕ್ಕೆ’ ಕೋನ ಅಕ್ಷರಶಃ ಸಾಧ್ಯವಿರಲಿಲ್ಲ. ಅಲ್ಲಿಂದ 100 ವಾಟ್ ಶಕ್ತಿಯ, 30 ಮೀಟರಿಗಿಂತ ಎತ್ತರವಿರಬಾರದ ಕಂಬದ ಕಡೆಗೆ ಬಂದದ್ದನ್ನು ಒಂದು ವಿಮರ್ಶಾತ್ಮಕ ನಿಲುವಾಗಿಯೇ ಓದಬೇಕು. ಸತೀಶ್ 2023ರ ಮಾರ್ಚಿನಲ್ಲಿ ತೀರಿಕೊಂಡರು. ಕನ್ನಡ ಪತ್ರಿಕೆಗಳು ಅವರನ್ನು ಸಿರಿಧಾನ್ಯದ ಹರಿಕಾರರೆಂದು ನೆನೆದವು; ಮಾಧ್ಯಮದ ಚಿಂತಕರಾಗಿ ಅವರನ್ನು ಓದುವ ಕೆಲಸ ಇನ್ನೂ ಬಾಕಿಯಿದೆ.

ಇಲ್ಲಿ ಕಾನೂನಿನ ಪಠ್ಯ ಅಡ್ಡ ಬರುತ್ತದೆ. 2006ರ ಮಾರ್ಗಸೂಚಿ ಸಮುದಾಯ ಬಾನುಲಿಯಿಂದ ಹಲವು ಒಳ್ಳೆಯ ಸಂಗತಿಗಳನ್ನು ನಿರೀಕ್ಷಿಸುತ್ತದೆ: ಕನಿಷ್ಠ ಅರ್ಧದಷ್ಟು ಕಾರ್ಯಕ್ರಮಗಳು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು, ಅವು ಆದಷ್ಟೂ ಸ್ಥಳೀಯ ಭಾಷೆ, ಉಪಭಾಷೆಗಳಲ್ಲಿರಬೇಕು. ಅದೇ ಮಾರ್ಗಸೂಚಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳನ್ನೂ ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನೂ ನಿಷೇಧಿಸುತ್ತದೆ. ಅಂದರೆ ಸಮುದಾಯಕ್ಕೆ ತನ್ನ ನುಡಿಯಲ್ಲಿ ಮಾತಾಡುವ ಹಕ್ಕಿದೆ, ಇಂದು ತನಗೇನಾಯಿತೆಂದು ಹೇಳುವ ಹಕ್ಕಿಲ್ಲ. ಪರಿಷ್ಕೃತ ಮಾರ್ಗಸೂಚಿಗಳಲ್ಲಿ ಕೆಲವು ಸಂಗತಿಗಳನ್ನು ‘ಸುದ್ದಿಯಲ್ಲ’ವೆಂದು ವಿಂಗಡಿಸಲಾಗಿದೆ: ಹವಾಮಾನ, ಹಬ್ಬ ಉತ್ಸವ, ಪರೀಕ್ಷೆ ಫಲಿತಾಂಶ, ಉದ್ಯೋಗಾವಕಾಶ, ಮತ್ತು ಸ್ಥಳೀಯ ಆಡಳಿತ ಒದಗಿಸಿದಂತೆ ನೀರು, ವಿದ್ಯುತ್ತುಗಳನ್ನು ಕುರಿತ ಪ್ರಕಟಣೆಗಳು. ‘ಸ್ಥಳೀಯ ಆಡಳಿತ ಒದಗಿಸಿದಂತೆ’ ಎಂಬ ಉಪವಾಕ್ಯದಲ್ಲಿ ಇಡೀ ಸಮಸ್ಯೆ ಅಡಗಿದೆ. ನಾಳೆ ನೀರು ಬಿಡಲಾಗುವುದೆಂದು ಕಚೇರಿ ಹೇಳಿದರೆ ಅದು ಪ್ರಕಟಣೆ. ನಿನ್ನೆ ನೀರು ಬರಲಿಲ್ಲವೆಂದು ಹೆಂಗಸರು ಹೇಳಿದರೆ ಅದು ಸುದ್ದಿಯಾಗಿಬಿಡುವ ಅಪಾಯವಿದೆ. ಒಂದೇ ನೀರು, ಒಂದೇ ನಲ್ಲಿ. ಹೇಳುವ ಬಾಯಿ ಬದಲಾದರೆ ಪ್ರಕಾರ ಬದಲಾಗುತ್ತದೆ. ಸಾಹಿತ್ಯ ವಿಮರ್ಶೆ ಪ್ರಕಾರಭೇದವನ್ನು ಶುದ್ಧ ಸೌಂದರ್ಯಶಾಸ್ತ್ರದ ವಿಷಯವೆಂದು ಬೋಧಿಸುವ ತರಗತಿಗಳಲ್ಲಿ ಈ ಸರ್ಕಾರಿ ಕಾಗದವನ್ನು ಪಠ್ಯವಾಗಿಡುವುದು ಒಳ್ಳೆಯದು.

ನಿಷೇಧದ ಎದುರು ಸಂಘಂ ರೇಡಿಯೊ ಕಂಡುಕೊಂಡ ದಾರಿ ಪ್ರಕಾರದ ದಾರಿಯೇ. ಪ್ರತಿಭಟನೆ ಅಲ್ಲಿ ಘೋಷಣೆಯಾಗಿ ಕೇಳಿಸುವುದಕ್ಕಿಂತ ಹೆಚ್ಚಾಗಿ ಅಡುಗೆಯಾಗಿ, ಬೀಜದ ಮಾತಾಗಿ, ಹಾಡಾಗಿ ಕೇಳಿಸುತ್ತದೆ. ಅಗ್ಗದ ಪಡಿತರ ಅಕ್ಕಿ ಬಂದ ಮೇಲೆ ಜೋಳ, ನವಣೆ, ಸಾಮೆಗಳ ಹೊಲಗಳು ಬೀಳುಬಿದ್ದ ಕಥೆ ದಖ್ಖನಿನ ಉದ್ದಕ್ಕೂ ಒಂದೇ. ಇದಕ್ಕೆ ಎದುರಾಗಿ ಈ ಸಂಘಗಳು 1990ರ ದಶಕದಲ್ಲಿ ಹಳ್ಳಿಯಲ್ಲೇ ಬೆಳೆದ ಜೋಳವನ್ನು ಹಳ್ಳಿಯ ಬಡವರಿಗೆ ಹಂಚುವ ಪರ್ಯಾಯ ಪಡಿತರವನ್ನು ಕಟ್ಟಿದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಕಿರುಧಾನ್ಯಗಳಿಗೆ ಸ್ಥಾನ ದೊರೆಯುವಂತೆ ಒತ್ತಾಯಿಸಿದವರಲ್ಲಿ ಇವರೂ ಇದ್ದರು. ಈ ಹಿನ್ನೆಲೆಯಲ್ಲಿ ನವಣೆ ಅನ್ನ ಮಾಡುವ ಬಗೆಯನ್ನು ಬಾನುಲಿಯಲ್ಲಿ ಹೇಳುವುದು ಪಾಕಶಾಸ್ತ್ರವಾಗಿ ಉಳಿಯುವುದಿಲ್ಲ. ಚಳಿಗಾಲದಲ್ಲಿ ನೀರಾವರಿಯಿಲ್ಲದೆ, ಗೊಬ್ಬರವಿಲ್ಲದೆ, ಇಬ್ಬನಿ ಮತ್ತು ಕಪ್ಪುನೆಲದ ತೇವವನ್ನಷ್ಟೇ ನಂಬಿ ಬೆಳೆಯುವ ಬೆಳೆಗಳಿಗೆ ಈ ಮಹಿಳೆಯರು ‘ಸತ್ಯಂ ಪಂಟಲು’ ಎನ್ನುತ್ತಾರೆ: ಸತ್ಯದ ಬೆಳೆಗಳು. ಯಾರಿಂದಲೂ ಏನನ್ನೂ ಪಡೆಯದೆ ಕೊಡುವ ಬೆಳೆ ಸತ್ಯದ ಬೆಳೆಯಾದರೆ, ಸಾಲ ಮಾಡಿಸಿ ಬೆಳೆಯುವ ಬೆಳೆ ಏನೆಂಬುದನ್ನು ಕೇಳುಗರೇ ಪೂರೈಸಿಕೊಳ್ಳುತ್ತಾರೆ. ಅದನ್ನು ಹೇಳಿದರೆ ರಾಜಕೀಯವಾದೀತು. ಹೇಳದೆ ಬಿಟ್ಟರೆ ರೂಪಕ. ಧ್ವನಿಕಾವ್ಯದ ಬಗೆಗೆ ಆನಂದವರ್ಧನನಿಂದ ಕಲಿತವರಿಗೆ, ಪರವಾನಗಿಯ ಷರತ್ತೂ ಧ್ವನಿಯನ್ನು ಹುಟ್ಟಿಸಬಲ್ಲದೆಂಬುದು ಹೊಸ ಪಾಠ.

ಈ ಯಶಸ್ಸನ್ನು ಮೆಚ್ಚುತ್ತಲೇ ಅದರ ಮಿತಿಯನ್ನೂ ಹೇಳಬೇಕಾಗುತ್ತದೆ, ಏಕೆಂದರೆ ಮೆಚ್ಚುಗೆಯ ಬರೆಹಗಳು ಇಲ್ಲಿ ಸುಮ್ಮನಾಗುತ್ತವೆ. ರೂಪಕಕ್ಕೆ ತಾಳ್ಮೆಯಿದೆ, ಅನ್ಯಾಯಕ್ಕೆ ಅನೇಕ ವೇಳೆ ತಾರೀಖಿದೆ. ಕೂಲಿ ಬಾಕಿಯಾದ ವಾರಗಳೆಷ್ಟು, ಯಾರ ಮೇಲೆ ಯಾವ ಠಾಣೆಯಲ್ಲಿ ದೂರು ದಾಖಲಾಯಿತು, ನಾಳಿನ ಧರಣಿ ಎಷ್ಟು ಹೊತ್ತಿಗೆ, ಇವನ್ನು ಹಾಡಿನಲ್ಲಿ ಹೇಳಲಾಗದು, ಹೇಳಿದರೂ ಹೊತ್ತು ಮೀರಿರುತ್ತದೆ. ದಲಿತ ಮಹಿಳೆಯ ಮಾತು ಸದಾ ‘ಸಂಸ್ಕೃತಿ’ಯಾಗಿ, ‘ಪಾರಂಪರಿಕ ಜ್ಞಾನ’ವಾಗಿ ಮಾತ್ರ ಪ್ರಸಾರಯೋಗ್ಯವಾದರೆ, ವರ್ತಮಾನಕಾಲದ ಕ್ರಿಯಾಪದಗಳು ಅವಳಿಂದ ಕಸಿದುಕೊಂಡಂತಾಗುತ್ತವೆ. ಸುದ್ದಿಯ ನಿಷೇಧದ ಆಳವಾದ ಹಾನಿ ಇದು. ಈ ನಿಷೇಧವನ್ನು ಪ್ರಶ್ನಿಸಿ ‘ಕಾಮನ್ ಕಾಸ್’ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡುವ ಅವಕಾಶ ಮುಂದೆ ದೊರೆತದ್ದುಂಟು. ಅದೂ ಮತ್ತೆ ಮೇಲಿನ ಕೋನವೇ: ದೆಹಲಿಯ ಸುದ್ದಿ ಹಳ್ಳಿಗೆ ಬರಬಹುದು, ಹಳ್ಳಿಯ ಸುದ್ದಿ ಹಳ್ಳಿಗೇ ಹೋಗಬಾರದು.

ಹೋಲಿಕೆಗೆ ಎರಡು ದೂರದ ಉದಾಹರಣೆಗಳು ನೆರವಾಗುತ್ತವೆ. ಬೊಲಿವಿಯಾದ ತವರದ ಗಣಿಗಳಲ್ಲಿ 1940ರ ದಶಕದ ಕೊನೆಯಿಂದ ಕಾರ್ಮಿಕ ಸಂಘಗಳು ತಮ್ಮ ಕೂಲಿಯ ಒಂದು ಪಾಲಿನಿಂದ ಬಾನುಲಿ ಕೇಂದ್ರಗಳನ್ನು ನಡೆಸಿದವು. ಸ್ಪ್ಯಾನಿಶ್ ಜೊತೆಗೆ ಕೆಚುವಾ ನುಡಿಯಲ್ಲೂ ಮಾತಾಡುತ್ತಿದ್ದ ಆ ಕೇಂದ್ರಗಳಲ್ಲಿ ಸುದ್ದಿ, ಹಾಡು, ಯೂನಿಯನ್ ಸಭೆ, ಕಳೆದುಹೋದ ಕತ್ತೆಯ ಪ್ರಕಟಣೆ ಎಲ್ಲಕ್ಕೂ ಒಂದೇ ಮೈಕು. 1980ರ ಜುಲೈನಲ್ಲಿ ಸೈನ್ಯ ಅಧಿಕಾರ ಕಸಿದುಕೊಂಡಾಗ ಈ ಕೇಂದ್ರಗಳು ಒಂದಕ್ಕೊಂದು ಕೊಂಡಿಯಾಗಿ ‘ಪ್ರಜಾಪ್ರಭುತ್ವದ ಸರಪಳಿ’ ಕಟ್ಟಿದವು. ಸೈನಿಕರು ಒಂದೊಂದನ್ನೇ ಹಿಡಿಯುತ್ತ ಬಂದಂತೆ ಉಳಿದವು ಆ ಕುಸಿತವನ್ನೇ ಪ್ರಸಾರ ಮಾಡಿದವು. ಸೈನ್ಯ ಕೆಡವಿದ ಕೇಂದ್ರಗಳು ಮತ್ತೆ ಎದ್ದವು. 1985ರ ಬಳಿಕ ಗಣಿಗಳೇ ಮುಚ್ಚಿ ಸಾವಿರಾರು ಕಾರ್ಮಿಕರು ಊರು ಬಿಟ್ಟಾಗ ಮಾತ್ರ ಅವು ಕ್ಷೀಣಿಸಿದವು. ಬಾನುಲಿಯ ಸ್ವಾತಂತ್ರ್ಯ ಪರವಾನಗಿಯಲ್ಲಿಲ್ಲ, ಅದನ್ನು ಸಾಕುವ ದುಡಿಮೆಯಲ್ಲಿದೆ ಎಂಬುದು ಅಲ್ಲಿನ ಅನುಭವ. ಈ ಕನ್ನಡಿಯನ್ನು ಮಾಚ್ನೂರಿನ ಮುಂದೆ ಹಿಡಿದರೆ ಅಹಿತಕರ ಪ್ರಶ್ನೆಯೊಂದು ಏಳುತ್ತದೆ. ಭಾರತದ ಕಾನೂನಿನಲ್ಲಿ ಅನುಮತಿ ಪಡೆಯುವುದು ನೋಂದಾಯಿತ ಸಂಸ್ಥೆ. ಸಮುದಾಯ ಅದರ ನೆರಳಿನಲ್ಲಿರುತ್ತದೆ. ಸಂಘಂ ರೇಡಿಯೊದಲ್ಲಿ ಸಂಸ್ಥೆ ಮತ್ತು ಸಂಘಗಳ ನಂಟು ಆಪ್ತವಾದದ್ದು, ನಿಜ. ಆದರೂ ‘ಸ್ವತಂತ್ರ’ ಎಂಬ ವಿಶೇಷಣವನ್ನು ಬಳಸುವ ಮೊದಲು ಯಾರಿಂದ ಸ್ವತಂತ್ರ ಎಂದು ಕೇಳುವ ಅಭ್ಯಾಸ ನಮ್ಮ ಅಧ್ಯಯನಗಳಿಗೆ ಬರಬೇಕು.

ಇನ್ನೊಂದು ಉದಾಹರಣೆ ಅಲ್ಜೀರಿಯಾದ್ದು. ಫ್ರಾಂಜ್ ಫ್ಯಾನನ್ 1959ರಲ್ಲಿ ಬರೆದ ಪ್ರಬಂಧದಲ್ಲಿ, ಹೋರಾಟಗಾರರ ಬಾನುಲಿಯನ್ನು ಫ್ರೆಂಚರು ಕರ್ಕಶ ತರಂಗಗಳಿಂದ ಅಡ್ಡಗಟ್ಟಿದಾಗ ಜನ ಹೇಗೆ ಕೇಳುತ್ತಿದ್ದರೆಂಬುದನ್ನು ವಿವರಿಸುತ್ತಾನೆ. ಒಬ್ಬ ಪೆಟ್ಟಿಗೆಗೆ ಕಿವಿ ಹಚ್ಚಿ ತುಣುಕು ತುಣುಕಾಗಿ ಹಿಡಿಯುತ್ತಿದ್ದ; ಸುತ್ತ ಕೂತವರು ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಕೇಳುವುದೇ ರಚನೆಯಾದ ಸಂದರ್ಭ ಅದು. ಮಾಚ್ನೂರಿನಲ್ಲಿ ಕರ್ಕಶ ತರಂಗವಿಲ್ಲ, ಷರತ್ತಿದೆ. ಅಲ್ಲಿಯೂ ಕೇಳುಗಳು ಬಿಟ್ಟ ಜಾಗವನ್ನು ತುಂಬುತ್ತಾಳೆ. ವ್ಯತ್ಯಾಸವೆಂದರೆ, ಅಲ್ಜೀರಿಯಾದ ಕೇಳುಗರಿಗೆ ತಮಗೆ ಕೇಳಿಸದಂತೆ ಮಾಡಿದವರು ಯಾರೆಂದು ಪ್ರತಿ ಕ್ಷಣವೂ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಮಾರ್ಗಸೂಚಿಗೆ ಸದ್ದಿಲ್ಲ.

ಗಡಿನಾಡಿನ ಕನ್ನಡಕ್ಕೆ ಈ ಚರ್ಚೆ ಎಲ್ಲಿ ತಾಗುತ್ತದೆ? ಮೊದಲನೆಯದಾಗಿ ನುಡಿಯಲ್ಲಿ. ಜಹೀರಾಬಾದ್ ಸೀಮೆಯ ತೆಲುಗು ಬಹುಕಾಲ ತೆಲುಗು ಸಿನಿಮಾ, ಪಠ್ಯಪುಸ್ತಕಗಳ ಕಿವಿಗೆ ‘ಅಶುದ್ಧ’ವಾಗಿತ್ತು, ಉರ್ದು, ಕನ್ನಡ, ಮರಾಠಿಗಳು ಅದರಲ್ಲಿ ಬೆರೆತಿರುವುದೇ ಕಾರಣ. ಗಡಿಯ ಈಚೆಗಿನ ಬೀದರ ಕನ್ನಡಕ್ಕೂ ಧಾರವಾಡ, ಮೈಸೂರುಗಳಿಂದ ಇದೇ ತೀರ್ಪು ಬಂದಿದೆ. ಸಂಘಂ ರೇಡಿಯೊ ತನ್ನ ನುಡಿಗೆ ಕ್ಷಮೆ ಕೇಳದೆ ಮಾತಾಡಿದ್ದು ತೆಲಂಗಾಣ ರಾಜ್ಯ ರಚನೆಗೆ ಆರು ವರ್ಷ ಮೊದಲು. ವಯನಾಡಿನ ಮಾನಂದವಾಡಿ ಬಳಿ 2009ರಿಂದ ಪ್ರಸಾರ ಮಾಡುತ್ತಿರುವ ರೇಡಿಯೊ ಮಾಟ್ಟೊಲಿ ಆದಿವಾಸಿ ನುಡಿಗಳಿಗೂ ಹೊತ್ತು ಮೀಸಲಿಟ್ಟಿತು. ವಯನಾಡಿನ ಬೆಟ್ಟಕುರುಮ, ಕಾಟ್ಟುನಾಯ್ಕರ ನುಡಿಗಳು ಕನ್ನಡಕ್ಕೆ ತೀರ ಹತ್ತಿರದವು ಎಂಬುದು ಭಾಷಾವಿಜ್ಞಾನಿಗಳಿಗೆ ಗೊತ್ತು, ಕನ್ನಡದ ಅಭಿಮಾನಿಗಳಿಗೆ ಅಷ್ಟಾಗಿ ಗೊತ್ತಿಲ್ಲ. ‘ಸ್ಥಳೀಯ ಉಪಭಾಷೆ’ ಎಂಬ ಸರ್ಕಾರಿ ಪದ, ಅದನ್ನು ಬರೆದವರು ಊಹಿಸದ ರೀತಿಯಲ್ಲಿ, ರಾಜ್ಯಭಾಷೆಗಳ ನಡುವೆ ಸಿಕ್ಕಿಕೊಂಡ ನುಡಿಗಳಿಗೆ ಒಂದು ಕಿಂಡಿ ತೆರೆದಿದೆ.

ಎರಡನೆಯ ತಾಗು ಹೆಚ್ಚು ತುರ್ತಿನದು. ಜತ್ತ, ಅಕ್ಕಲಕೋಟೆಗಳ ಕನ್ನಡಿಗರು ಧಾರವಾಡ, ಕಲಬುರಗಿ ನಿಲಯಗಳನ್ನು, ಕಾಸರಗೋಡಿನವರು ಮಂಗಳೂರನ್ನು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಆ ಕೇಳುವಿಕೆ ನುಡಿಯನ್ನು ಉಳಿಸಿದೆ. ಮಾತಾಡುವ ಸರದಿಯನ್ನು ಕೊಟ್ಟಿಲ್ಲ. ಬಾನುಲಿ ಹಂಚುವ ಯಂತ್ರವಾಗಿ ಉಳಿಯದೆ ಸಂವಾದದ ಯಂತ್ರವಾಗಬೇಕೆಂದು ಬ್ರೆಕ್ಟ್ 1932ರಲ್ಲಿ ಹೇಳಿದ್ದು ಇದೇ ಕೊರತೆಯನ್ನು ಕುರಿತು. 2022ರ ನವೆಂಬರಿನಲ್ಲಿ ಜತ್ತ ತಾಲ್ಲೂಕಿನ 40 ಹಳ್ಳಿಗಳು ಎರಡು ರಾಜಧಾನಿಗಳ ಸುದ್ದಿಯಾದದ್ದು ನೆನಪಿರಬಹುದು. ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿವೆಯೆಂದು ಒಬ್ಬ ನಾಯಕರು, ಅದು 2012ರ ಹಳೆಯ ಮಾತೆಂದು ಇನ್ನೊಬ್ಬರು. ಹಳ್ಳಿಗರ ಮೂಲ ಬೇಡಿಕೆ ಕುಡಿಯುವ, ಬೆಳೆಗೆ ಹಾಯಿಸುವ ನೀರಿನದಾಗಿತ್ತು; ಬೆಂಗಳೂರು ಮುಂಬಯಿಗಳ ಪರದೆಯ ಮೇಲೆ ಅದು ಗಡಿವಿವಾದವಾಗಿ ಅನುವಾದಗೊಂಡಿತು. ಎರಡೂ ಪಟೇಲ್ ಶಾಟುಗಳೇ, ಒಂದು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ. ಅಲ್ಲೊಂದು 100 ವಾಟಿನ ಕೇಂದ್ರವಿದ್ದಿದ್ದರೆ ಏನಾಗುತ್ತಿತ್ತು? ಮಾರ್ಗಸೂಚಿಯ ಪ್ರಕಾರ ಆ ನೀರಿನ ಹೋರಾಟವನ್ನು ಅದು ಸುದ್ದಿಯಾಗಿ ಹೇಳುವಂತಿರಲಿಲ್ಲ. ಬಾವಿ ಬತ್ತಿದ ವರ್ಷಗಳ ನೆನಪನ್ನು, ಟ್ಯಾಂಕರಿನ ಸಾಲಿನಲ್ಲಿ ಕಟ್ಟಿದ ಪದಗಳನ್ನು ಹೇಳಬಹುದಿತ್ತು. ಕನ್ನಡ ಮರಾಠಿ ಎರಡರಲ್ಲೂ ಹೇಳಬಹುದಿತ್ತು. ಅದು ಸಾಕೇ ಎಂಬ ಪ್ರಶ್ನೆಗೆ ಮಾಚ್ನೂರಿನ ಅನುಭವ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ.

ಮಾರ್ಗಸೂಚಿಯ ಇನ್ನೊಂದು ಷರತ್ತನ್ನು ಸಂಶೋಧಕರು ಗಮನಿಸಿದ್ದು ಕಡಿಮೆ. ಪ್ರಸಾರವಾದ ಪ್ರತಿ ಕಾರ್ಯಕ್ರಮವನ್ನೂ ಕೇಂದ್ರ ಮೂರು ತಿಂಗಳು ಕಾದಿಡಬೇಕು. ದೂರು ಬಂದರೆ ಪರಿಶೀಲಿಸಲು ಬೇಕಾಗುವ ಅವಧಿ ಅದು. ಆಮೇಲೆ ಅಳಿಸಬಹುದು. ಕ್ಯಾಸೆಟ್ಟಿನ ಕಾಲದಿಂದ ಸೇರುತ್ತ ಬಂದ ಮಾಚ್ನೂರಿನ ಮುದ್ರಣಗಳಲ್ಲಿ ಗಡಿಯ ಎರಡೂ ಬದಿಗೆ ಸಲ್ಲುವ ಬೀಜದ ಹೆಸರುಗಳಿವೆ, ಬೀಸುಕಲ್ಲಿನ ಹಾಡುಗಳಿವೆ, ಸತ್ತವರ ದನಿಗಳಿವೆ. ಬೀದರ ಸೀಮೆಯ ಕನ್ನಡ ಜನಪದವನ್ನು ತೆಲುಗಿನ ಈ ಸಂಗ್ರಹದ ಪಕ್ಕದಲ್ಲಿಟ್ಟು ಓದುವ ತೌಲನಿಕ ಅಧ್ಯಯನಕ್ಕೆ ಬೇಕಾದ ಸಾಮಗ್ರಿ 30 ಕಿಲೋಮೀಟರಿನ ಆಚೆ ಕಪಾಟಿನಲ್ಲಿದೆ. ಟೇಪಿನ ಕಾಂತಪದರಕ್ಕೆ ದಖ್ಖನಿನ ಧೂಳೂ ಸೆಕೆಯೂ ಒಗ್ಗುವುದಿಲ್ಲ.